ಅತ್ತೆ ಕೂರುವ ಕಾರಿನ ವಂಶಾವಳಿ

“ಹೆಸರಿಗೆ ಮಾತ್ರ ಇಂಗ್ಲೆಂಡು. ಬಿಡಿ ಭಾಗ ಪೆಟ್ಟಿಗೇಲಿ ಬಂತು, ಇನ್ಯಾವುದೋ ದೇಶದಲ್ಲಿ ಇನ್ಯಾರೋ ಜೋಡಿಸಿದ್ರು, ಆಮೇಲೆ ಅನುಕೂಲಸ್ಥರ ಮನೆ ಒಂದು ನೋಡ್ಕೊಂಡು ಒಳಗೆ ಸೇರ್ಕೊಳ್ತು. ಈ ಕಾರೂ ನಿಮ್ಮ ಹಾಗೇ ಕಣ್ರೀ, ಮನೆಅಳಿಯ.”

ಹೀಗೆಂದವರು ಹಳೇ ಕಾರುಗಳ ಸಂಘದ ಕಾರ್ಯದರ್ಶಿಗಳು. ವೃತ್ತಿಯಿಂದ ಹಲ್ಲಿನ ಡಾಕ್ಟರು. ಅಂದದ್ದು ಮೈಕಿನಲ್ಲಿ. ಮೈಕು ಚಾಲೂ ಇದ್ದದ್ದು ತಮಗೆ ತಿಳಿದಿರಲಿಲ್ಲ ಎಂದು ಆಮೇಲೆ ಹೇಳಿಕೊಂಡರಂತೆ. ಬಾಯಿಯೊಳಗೆ ಕೂದಲೆಳೆಯಂಥ ಬಿರುಕು ಕಂಡುಹಿಡಿಯುವ ಮನುಷ್ಯನಿಗೆ ಕೈಯಲ್ಲಿ ಹಿಡಿದ ಮೈಕಿನ ಕೆಂಪು ದೀಪ ಕಾಣಲಿಲ್ಲವಂತೆ. ನಂಬುವವರು ನಂಬಲಿ. ಮೈದಾನದ ತುಂಬ ನೆರೆದಿದ್ದ ಜನವಂತೂ ಕಿವುಡರಾಗಿರಲಿಲ್ಲ. ಮೊದಲು ಮುಂದಿನ ಸಾಲು ನಕ್ಕಿತು. ಆಮೇಲೆ ಹಿಂದಿನ ಸಾಲು ‘ಏನಂದ್ರು, ಏನಂದ್ರು’ ಎಂದು ಕೇಳಿ ತಿಳಿದುಕೊಂಡು ನಕ್ಕಿತು. ಒಂದೇ ಅವಮಾನವನ್ನು ಎರಡು ಕಂತಿನಲ್ಲಿ ಉಣ್ಣುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಸಿಕ್ಕಿದ್ದು ಲಂಡನ್‌ಗೆ. ಲಂಡನ್ ಅಂದರೆ ಊರಲ್ಲ, ಮನುಷ್ಯ. ಕನ್ನಡಕದ ಅಂಗಡಿಯಲ್ಲಿ ನಿಂತು, ಗೋಡೆಯ ಮೇಲಿನ ಅಕ್ಷರಗಳಿಗೆ ಕೋಲು ತೋರಿಸಿ, ‘ಇದು ಕಾಣುತ್ತಾ, ಇದು ಕಾಣುತ್ತಾ’ ಎಂದು ಬಂದವರನ್ನೆಲ್ಲ ಕೇಳುವುದು ಅವನ ಕೆಲಸ. ಮದುವೆಯಾಗಿ ಹೆಂಡತಿಯ ಮನೆಗೇ ಬಂದು ನೆಲೆಸಿದವನು. ಆ ಮನೆಯ ಮುಂದೆ ಮಾವನ ಕಾಲದ ಒಂದು ಕಾರಿತ್ತು: ಗುಂಡು ಮೂಗು, ಗಿಡ್ಡ ಬಾಲ, ಕಪ್ಪೆಯ ಬಣ್ಣ. ಮಾವ ತೀರಿಕೊಂಡ ಮೇಲೆ ಮನೆ ಅತ್ತೆಯ ಪಾಲಾಯಿತು, ಕಾರಿನ ಕೀಲಿ ಹೆಂಡತಿಯ ಪಾಲಾಯಿತು, ಕಾರಿನ ಬಗ್ಗೆ ಮಾತಾಡುವ ಹಕ್ಕು ಮಾತ್ರ ಅಳಿಯನಿಗೆ ಉಳಿಯಿತು. ಅದನ್ನು ಅವನು ಹೊಟ್ಟೆ ತುಂಬ ಅನುಭವಿಸಿದ. ಇಂಗ್ಲೆಂಡಿನಲ್ಲೇ ಹುಟ್ಟಿದ್ದು, ಒಂದೊಂದು ಸ್ಕ್ರೂವನ್ನೂ ಇಂಗ್ಲೆಂಡಿನವರೇ ಬಿಗಿದದ್ದು ಎಂದು ಹಾಲಿನವನಿಗೆ, ಅಂಚೆಯವನಿಗೆ, ಕಣ್ಣು ಕಾಣದೆ ಅಂಗಡಿಗೆ ಬಂದವರಿಗೆ ಹೇಳಿ ಹೇಳಿ, ಕೊನೆಗೆ ಬೀದಿಯವರು ಅವನಿಗೇ ಲಂಡನ್ ಎಂದು ಹೆಸರಿಟ್ಟರು. ಅದನ್ನು ಅವನು ಬಿರುದು ಎಂದುಕೊಂಡಿದ್ದ.

ಓಡಿಸಲು ಬರುತ್ತಿರಲಿಲ್ಲ, ಆ ಮಾತು ಬೇರೆ. ಒಮ್ಮೆ ಕಲಿಯಲು ಹೋಗಿ ಗೇಟನ್ನೂ ಗೇಟಿಗೆ ಒರಗಿ ನಿಂತಿದ್ದ ಸೈಕಲ್ಲನ್ನೂ ಒಟ್ಟಿಗೇ ಮಡಿಸಿಟ್ಟಿದ್ದ. ಓಡಿಸುವವಳು ಹೆಂಡತಿ. ಪಕ್ಕದಲ್ಲಿ ಕೂರುವವರು ಅತ್ತೆ. ಅತ್ತೆಯ ಬಲಗಾಲು ಮಂಡಿಯಲ್ಲಿ ಮಡಿಸುತ್ತಿರಲಿಲ್ಲ. ಅದರ ಕೆಳಗೆ ವಾಸಿಯಾಗದ ಒಂದು ಹುಣ್ಣು. ಪ್ರತಿ ಮಂಗಳವಾರ ಆಸ್ಪತ್ರೆಗೆ ಹೋಗಿ ತೊಳೆಸಿ, ಮದ್ದು ಹಾಕಿಸಿ, ಪಟ್ಟಿ ಕಟ್ಟಿಸಿಕೊಂಡು ಬರಬೇಕು. ತಪ್ಪಿಸಿದರೆ ಕಾಲಿನ ಆಸೆ ಬಿಡಿ ಎಂದು ಅಲ್ಲಿನ ಡಾಕ್ಟರಮ್ಮ ಮುಚ್ಚುಮರೆ ಇಲ್ಲದೆ ಹೇಳಿದ್ದರು. ಈಗಿನ ಕಾರುಗಳೋ, ನೆಲ ನೆಕ್ಕುತ್ತಾ ಓಡುವಂಥವು. ಒಳಗೆ ಹೋಗಬೇಕಾದರೆ ಮನುಷ್ಯ ಮೂರು ಕಡೆ ಮುರಿಯಬೇಕು. ಈ ಹಳೇ ಕಾರಿನ ಬಾಗಿಲು ಬೀರುವಿನ ಬಾಗಿಲಿನಷ್ಟು ಅಗಲ, ಸೀಟು ಕುರ್ಚಿಯಷ್ಟು ಎತ್ತರ, ಮುಂದೆ ಕಾಲು ನೀಟಾಗಿ ಚಾಚುವಷ್ಟು ಜಾಗ. ಅತ್ತೆ ಅದರೊಳಗೆ ಹೋಗಿ ಕೂರುವುದೆಂದರೆ ಕಾಗದ ಲಕೋಟೆಯೊಳಗೆ ಹೋದಷ್ಟು ಸಲೀಸು. ಈ ಲೋಕದಲ್ಲಿ ಅವರು ಕೂರಬಲ್ಲ ಗಾಡಿ ಅದೊಂದೇ.

ಅವತ್ತೂ ಅತ್ತೆ ಅದರಲ್ಲೇ ಕೂತಿದ್ದರು. ಪ್ರದರ್ಶನದಲ್ಲಿ ಎರಡು ಸಾಲು. ಹುಟ್ಟಿದ ದೇಶದಲ್ಲೇ ಪೂರ್ತಿ ತಯಾರಾಗಿ ಹಡಗಿಳಿದ ಕಾರುಗಳಿಗೆ ಮರದ ನೆರಳು. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದು ಇನ್ನೆಲ್ಲೋ ಜೋಡಣೆಯಾದ ಕಾರುಗಳಿಗೆ ಪಾಯಿಖಾನೆಯ ಪಕ್ಕದ ಬಿಸಿಲು. ಲಂಡನ್ ಹೋಗಿ ನೆರಳಿನಲ್ಲಿ ನಿಲ್ಲಿಸಿದ್ದ, ಅಂದರೆ ನಿಲ್ಲಿಸು ಎಂದು ಹೆಂಡತಿಗೆ ಕೈ ತೋರಿಸಿದ್ದ. ಡಾಕ್ಟರು ಬಂದು, ಬಾನೆಟ್ಟು ಎತ್ತಿಸಿ, ಬಾಯಿ ಆ ಮಾಡಿ ಎಂದ ಹಾಗೆ ಬಗ್ಗಿ ನೋಡಿ, ಕಿರು ಕನ್ನಡಿ ಆಡಿಸಿ, ಆಮೇಲೆ ಆ ಮಾತಂದರು. ಸ್ವಯಂಸೇವಕರು ಕಾರನ್ನು ಅತ್ತೆಯ ಸಮೇತ ಪಾಯಿಖಾನೆಯ ಕಡೆಗೆ ತಳ್ಳಿದರು. ಅತ್ತೆ ಮೂಗಿಗೆ ಕರವಸ್ತ್ರ ಹಿಡಿದು, ಮನೆಗೆ ಹೋಗುತ್ತಿದ್ದೇವೆಯೋ ಹೇಗೆ ಎಂದು ಕೇಳಿದರು.

ಮನೆಗೆ ಬಂದರೂ ಲಂಡನ್‌ನ ಕಿವಿಯಲ್ಲಿ ಆ ನಗು ನಿಂತಿರಲಿಲ್ಲ. ಬೀದಿಯಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದು ಕಾಲು ಚಾಚಿಕೊಂಡು ಕೂತಿತ್ತು. ಹಾಲಿನವನು, ‘ಏನ್ ಸಾರ್, ಪಾರ್ಸಲ್ಲಂತೆ’ ಎಂದ. ಎದುರು ಮನೆಯ ನಿವೃತ್ತ ಸುಂಕದ ಅಧಿಕಾರಿಗಳು ಕಟಕಟೆಯಲ್ಲಿ ನಿಂತವನನ್ನು ನೋಡುವ ಹಾಗೆ ಕಾರನ್ನು ನೋಡಿದರು. ಸಿಟ್ಟು ತಡೆಯದೆ ಅವನು ಅತ್ತೆಯನ್ನೇ ಕೇಳಿದ, ಈ ಕಾರು ಎಲ್ಲಿ ತಯಾರಾಯಿತು ಅಂತ ಮಾವ ಏನಾದರೂ ಹೇಳಿದ್ದರೇ ಎಂದು.

“ಅವರು ತಂದ್ರು, ನಾನು ಕೂತೆ,” ಎಂದರು ಅತ್ತೆ. “ಎಲ್ಲಿ ಹುಟ್ತು ಅಂತ ಕೇಳೋಕೆ ನಾನೇನು ಅದರ ಬಾಣಂತನ ಮಾಡಿದ್ನಾ ಅಳಿಯಂದ್ರೇ?”

ಎಂಜಿನ್ನಿನ ಪಕ್ಕದಲ್ಲಿ ಒಂದು ಹಿತ್ತಾಳೆಯ ತಗಡು ಇರುತ್ತದೆ, ಅದರ ಮೇಲಿನ ಅಕ್ಷರ ನೋಡಿದರೆ ಕಾರು ಇಡಿಯಾಗಿ ಹೊರಟಿತೋ ಬಿಡಿಯಾಗಿ ಹೊರಟಿತೋ ಗೊತ್ತಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಲಂಡನ್ ಓಡಿದ. ತಗಡು ಇತ್ತು. ಅಕ್ಷರ ಇರಲಿಲ್ಲ. ಏಕೆಂದರೆ ಮದುವೆಯಾದಾಗಿನಿಂದ ಪ್ರತಿ ಭಾನುವಾರ, ಬೂದಿ ಮತ್ತು ನಿಂಬೆ ಸಿಪ್ಪೆ ಹಿಡಿದು ಆ ತಗಡನ್ನು ಉಜ್ಜುತ್ತಾ ಬಂದವನು ಲಂಡನ್ನೇ. ಓಡಿಸಲು ಬಾರದವನು ಕಾರಿಗೆ ಇನ್ಯಾವ ಸೇವೆ ಮಾಡಬಲ್ಲ? ಈಗ ಅದರಲ್ಲಿ ಮುಖ ನೋಡಿಕೊಂಡು ಬೈತಲೆ ತೆಗೆಯಬಹುದಿತ್ತು. ಲೋಕಕ್ಕೆಲ್ಲ ಅಕ್ಷರ ಕಾಣುತ್ತಾ ಎಂದು ಕೇಳುತ್ತಿದ್ದವನಿಗೆ ಅಂದು ಒಂದಕ್ಷರವೂ ಕಾಣಲಿಲ್ಲ; ಬರೀ ತನ್ನ ಮೂತಿ ಕಂಡಿತು.

ಆಗ ಸುಂಕದವರು ರಸ್ತೆ ದಾಟಿ ಬಂದರು. ನಿವೃತ್ತರಾದ ಮೇಲೆ ಅವರಿಗೆ ತಡಕಾಡಲು ಏನೂ ಸಿಕ್ಕಿರಲಿಲ್ಲ. ಹಡಗಿಳಿದ ವಸ್ತು ಮೇಲ್ಮೈಯಲ್ಲಿ ಸುಳ್ಳನ್ನೇ ಹೇಳುತ್ತದೆ, ನಿಜ ಬೇಕಾದರೆ ಒಳಗೆ ಕೈ ಹಾಕಬೇಕು ಎಂದು ಅವರ ಸಿದ್ಧಾಂತ. ಕಾರು ಜೋಡಿಸುವವರು ಬಾಗಿಲಿನ ಒಳಮೈಗೆ ಸೀಮೆಸುಣ್ಣದಲ್ಲಿ ಏನಾದರೂ ಗೀಚಿಯೇ ಗೀಚುತ್ತಾರೆ, ಅದರ ಮೇಲೆ ರಟ್ಟು ಹೊಡೆದು ಮುಚ್ಚುತ್ತಾರೆ. ರಟ್ಟು ಬಿಚ್ಚಿಸಿ ಎಂದರು. ಒಂದೇ ಬಾಗಿಲು ತಾನೇ ಎಂದು ಲಂಡನ್ ಒಪ್ಪಿದ. ಮಂಗಳವಾರದೊಳಗೆ ಮತ್ತೆ ಕೂರಿಸಿಬಿಡಬೇಕು ಎಂದು ಹೆಂಡತಿ ಅಂದಳು. ಅದೇನು ಮಹಾ ಎಂದು ಅವನು ಅಂದ.

ಗ್ಯಾರೇಜಿನವರು ಯಾರೂ ಕೈ ಹಾಕಲಿಲ್ಲ. ಕಾರಿಗೆ ಏನಾಗಿದೆ ಎಂದು ಕೇಳಿದರು. ಏನೂ ಆಗಿಲ್ಲ ಎಂದ. ಮತ್ತೆ ಯಾಕೆ ಬಿಚ್ಚಬೇಕು ಎಂದರು. ಎಲ್ಲಿ ಹುಟ್ಟಿದೆ ನೋಡಲು ಎಂದ. ಒಬ್ಬರು ಕುಡಿಯಲು ನೀರು ಕೊಟ್ಟು, ನೆರಳಲ್ಲಿ ಸ್ವಲ್ಪ ಹೊತ್ತು ಕೂತಿದ್ದು ಹೋಗಿ ಎಂದರು. ಕೊನೆಗೆ ಒಪ್ಪಿದವನು ಗುಜರಿಯಣ್ಣ, ಬೀದಿಯ ಕೊನೆಯಲ್ಲಿ ಹಳೇ ಕಬ್ಬಿಣದ ಅಂಗಡಿ ಇಟ್ಟವನು. ಬಿಚ್ಚಬೇಕು ಎಂಬ ಮಾತು ಕೇಳಿದ್ದೇ ಅವನ ಮುಖ ಹೂವಾಯಿತು. ಯಾಕೆ ಅಂತ ಕೇಳಲೇ ಇಲ್ಲ. ಕೇಳದೆ ಕೆಲಸ ಮಾಡುವವನು ಸಿಕ್ಕಿದರೆ ಅನುಮಾನ ಪಡಬೇಕು. ಲಂಡನ್ ಪುಣ್ಯ ಮಾಡಿದ್ದೆ ಎಂದುಕೊಂಡ.

ಬಾಗಿಲಿನ ರಟ್ಟು ಬಂತು. ಒಳಗೆ ನಿಜವಾಗಿಯೂ ಸೀಮೆಸುಣ್ಣದ ಗುರುತಿತ್ತು: ಒಂದು ಸರಿ ಗುರುತು. ಶಾಲೆಯ ಪಟ್ಟಿಯಲ್ಲಿ ಮೇಷ್ಟ್ರು ಹಾಕುತ್ತಾರಲ್ಲ, ಅಂಥದೇ. ಲಂಡನ್ ಡಾಕ್ಟರ ಮನೆಗೆ ಓಡಿ, ಅವರನ್ನು ಊಟದಿಂದ ಎಬ್ಬಿಸಿ ಕರೆತಂದ. ಡಾಕ್ಟರು ಕನ್ನಡಿ ಹಿಡಿದು ನೋಡಿದರು. ಸರಿ ಗುರುತು ಎಲ್ಲ ದೇಶದಲ್ಲೂ ಹೀಗೇ ಇರುತ್ತೆ ಎಂದು ಹೇಳಿ ಕೈ ತೊಳೆದುಕೊಂಡರು. ಬೇಕಿದ್ದರೆ ಸೀಟಿನ ಒಳಗೆ ನೋಡಿ. ಇಂಗ್ಲೆಂಡಿನಲ್ಲಿ ಕುದುರೆ ಕೂದಲು ತುಂಬುತ್ತಿದ್ದರು, ಹೊರಗೆ ಜೋಡಿಸಿದವರು ಕೈಗೆ ಸಿಕ್ಕಿದ ನಾರು ತುಂಬುತ್ತಿದ್ದರು ಎಂದರು.

ಸೀಟೆಂದರೆ ಅತ್ತೆಯ ಸೀಟು. ಮಿಕ್ಕ ಸೀಟುಗಳನ್ನು ಮಾವ ಇರುವಾಗಲೇ ಹೊಸದಾಗಿ ಹೊಲಿಸಿದ್ದರಂತೆ, ಅವುಗಳ ಸಾಕ್ಷಿ ನಡೆಯುವುದಿಲ್ಲ. ಗುಜರಿಯಣ್ಣ ಅತ್ತೆಯ ಸೀಟು ಕಿತ್ತು ಅಂಗಳದಲ್ಲಿಟ್ಟು ಹೊಟ್ಟೆ ಸೀಳಿದ. ಒಳಗೆ ಅರ್ಧ ಕೂದಲು, ಅರ್ಧ ನಾರು, ಮಧ್ಯೆ ಮಾವನ ಒಂದು ಕಾಲುಚೀಲ. ಡಾಕ್ಟರು ಎರಡನ್ನೂ ಮೂಸಿದರು. ಕೂದಲು ಕುದುರೆಯದೇ, ಆದರೆ ಯಾವ ದೇಶದ ಕುದುರೆ ಎಂದು ಹೇಳಲಾಗುವುದಿಲ್ಲ ಎಂದರು. ಕಾಲುಚೀಲದ ಬಗ್ಗೆ ಅಭಿಪ್ರಾಯ ಕೊಡಲಿಲ್ಲ. ಸುಂಕದವರು ಮಾತ್ರ ಅದನ್ನು ಇಕ್ಕಳದಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, ಇನ್ನೊಂದು ಎಲ್ಲಿ ಎಂದು ಕೇಳಿದರು.

ಮಂಗಳವಾರ ಬಂತು. ಸೀಟಿನ ಹೊಟ್ಟೆ ಇನ್ನೂ ಬಿಚ್ಚಿಯೇ ಇತ್ತು. ಹೆಂಡತಿ ಬಾಡಿಗೆ ಕಾರು ಕರೆಸಿದಳು. ಅದು ಹೊಸ ಕಾರು, ಥಳಥಳ ಹೊಳೆಯುತ್ತಿತ್ತು, ನೆಲದಿಂದ ಗೇಣೆತ್ತರ. ಅತ್ತೆಯನ್ನು ಒಳಗೆ ಸೇರಿಸುವಾಗ ಹೆಂಡತಿ ತಲೆಯ ಕಡೆ, ಡ್ರೈವರು ಕಾಲಿನ ಕಡೆ, ಲಂಡನ್ ಸಲಹೆಯ ಕಡೆ. ಒಳಗೇನೋ ಹೋದರು. ಆಸ್ಪತ್ರೆಯ ಬಾಗಿಲಲ್ಲಿ ಹೊರಗೆ ಬರಲಿಲ್ಲ. ಎಳೆದರೂ ಇಲ್ಲ, ತಿರುಗಿಸಿದರೂ ಇಲ್ಲ. ನರ್ಸು ಬಂದು ಕಿಟಕಿಯಲ್ಲಿ ಇಣುಕಿ, ಇಲ್ಲಿ ತನಕ ಬಂದವರು ಒಳಗೆ ಬನ್ನಿ ಅಜ್ಜಿ ಎಂದು ಪ್ರೀತಿಯಿಂದಲೇ ಕರೆದಳು. ಅತ್ತೆ, ನಂಗೂ ಆಸೆ ಇದೆ ತಾಯಿ ಎಂದರು. ಹೋದ ಕಾರು ಹೋದ ಹಾಗೇ ವಾಪಸು ಬಂತು. ಮನೆಯ ಮುಂದೆ ಬೀದಿಯೆಲ್ಲ ಸೇರಿ ಉಪಾಯ ಹೇಳುತ್ತಿರುವಾಗ ಗುಜರಿಯಣ್ಣ ಸ್ಪ್ಯಾನರು ಒರೆಸಿಕೊಳ್ಳುತ್ತಾ ಬಂದು, “ಬಿಚ್ಲಾ?” ಎಂದು ಒಂದೇ ಮಾತು ಕೇಳಿದ. ಡ್ರೈವರನಿಗೆ ಅದೆಲ್ಲಿಂದ ಬಲ ಬಂತೋ, ಅತ್ತೆಯನ್ನು ಮಗುವಿನ ಹಾಗೆ ಎತ್ತಿ ಹೊರಗಿಟ್ಟು, ಬಾಡಿಗೆಯನ್ನೂ ಕೇಳದೆ ಓಡಿಸಿಕೊಂಡು ಹೋದ.

ಆ ವಾರ ಪಟ್ಟಿಯನ್ನು ಹೆಂಡತಿ ಮನೆಯಲ್ಲೇ ಬದಲಿಸಿದಳು. ಬಿಚ್ಚುವಾಗ ಅತ್ತೆ ಕೂಗಲಿಲ್ಲ. ದಿಂಬಿನ ಮೂಲೆ ಕಚ್ಚಿಕೊಂಡಿದ್ದರು. ಹೆಂಡತಿ ಹೊರಗೆ ಬಂದು, ಕೈ ತೊಳೆಯುತ್ತಾ, ಅವನ ಕಡೆ ನೋಡದೆ ಹೇಳಿದಳು.

“ಮುಂದಿನ ಮಂಗಳವಾರ ಸೀಟು ಇರಬೇಕು ರೀ. ಇಂಗ್ಲೆಂಡು ಬೇಕಾದ್ರೆ ಇರ್ಲಿ, ಬಿಡ್ಲಿ.”

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಬರೆಯುವವರ ಹೊಟ್ಟೆಗೆ ಏನು ಗತಿ? ಅವನೂ ನಿಲ್ಲಿಸಬೇಕೆಂದೇ ಇದ್ದ. ಸಂಜೆ ಅಂಗಡಿಯಿಂದ ಬರುವಾಗ ಸಂಘದವರಿಬ್ಬರು ಎದುರಾದರು. ಏನು ಮನೆಅಳಿಯ ಚೆನ್ನಾಗಿದ್ದಾನಾ ಎಂದು ಒಬ್ಬ ಕೇಳಿದ. ತನ್ನನ್ನು ಕೇಳಿದ್ದೋ ಕಾರನ್ನು ಕೇಳಿದ್ದೋ ಗೊತ್ತಾಗದೆ, ಎರಡಕ್ಕೂ ಸೇರಿಸಿ ಅವನಿಗೆ ಉರಿದುಹೋಯಿತು. ಮನೆಗೆ ಬಂದವನೇ ಗುಜರಿಯಣ್ಣನನ್ನು ಕರೆದು, ಗಾಜು ತೆಗಿ ಎಂದ.

ಮುಂದಿನ ದೊಡ್ಡ ಗಾಜಿನ ಮೂಲೆಯಲ್ಲಿ, ರಬ್ಬರಿನ ಅಡಿಯಲ್ಲಿ, ಇಂಗ್ಲೆಂಡ್ ಎಂದು ಕೆತ್ತಿತ್ತು. ಕಣ್ಣಿಗೆ ಕಾಣುವಂತೆ, ಅಕ್ಷರ ಅಕ್ಷರವಾಗಿ. ಲಂಡನ್ ಆ ಗಾಜನ್ನು ಎದೆಗೆ ಅವುಚಿಕೊಂಡು ಬೀದಿಯುದ್ದಕ್ಕೂ ನಡೆದ. ಮನೆ ಮನೆಯ ಮುಂದೆಯೂ ನಿಂತು, ಇದು ಕಾಣುತ್ತಾ ಎಂದು ಕೇಳಿದ. ಕನ್ನಡಕ ಮರೆತು ಬಂದವರಿಗೆ ಕನ್ನಡಕ ತರಿಸಿ ತೋರಿಸಿದ. ಹಾಗೇ ಡಾಕ್ಟರ ಚಿಕಿತ್ಸಾಲಯಕ್ಕೆ ನುಗ್ಗಿದ. ಡಾಕ್ಟರು ಒಬ್ಬರ ಬಾಯಲ್ಲಿ ಯಂತ್ರ ಇಟ್ಟಿದ್ದರು. ಯಂತ್ರ ನಿಲ್ಲಿಸದೆ ಓರೆಗಣ್ಣಿಂದ ಗಾಜು ನೋಡಿದರು.

“ಗಾಜು ಇಂಗ್ಲೆಂಡಿನದೇ. ಯಾರು ಅಲ್ಲ ಅಂದ್ರು? ಪೆಟ್ಟಿಗೇಲಿ ಗಾಜೂ ಬರುತ್ತೆ. ನಾವು ಕೇಳ್ತಿರೋದು ಭಾಗ ಎಲ್ಲಿಂದ ಬಂತು ಅಂತಲ್ಲ, ಕೂರಿಸಿದ ಕೈ ಯಾವ ದೇಶದ್ದು ಅಂತ.”

ಅದನ್ನು ಹೇಗೆ ಹೇಳುವುದು ಎಂದು ಲಂಡನ್ ಕೇಳಿದ.

“ಗಾಜಿನ ಸುತ್ತ ರಬ್ಬರು ಕೂರಿಸಿರೋ ಕ್ರಮ ನೋಡಿದ್ರೆ ಗೊತ್ತಾಗ್ತಿತ್ತು. ತೆಗೆದುಬಿಟ್ಟಿದೀರಲ್ಲ.”

ಬಾಯಿ ತೆರೆದುಕೊಂಡಿದ್ದ ರೋಗಿಯೂ ಇದಕ್ಕೆ ಆ ಎಂದು ಮರುಗಿದ.

ಆಮೇಲೆ ನಡೆದದ್ದಕ್ಕೆ ಲಂಡನ್ ಒಬ್ಬನನ್ನೇ ದೂರಿದರೆ ಅನ್ಯಾಯ. ಡಾಕ್ಟರು ಹೇಳುತ್ತಾ ಹೋದರು. ಬಾಗಿಲಿನ ಕೀಲು ಬಿಗಿದ ರೀತಿ, ತಂತಿ ಎಳೆದ ದಾರಿ, ಸ್ಪ್ರಿಂಗು ಕೂರಿಸಿದ ಓರೆ, ಎಲ್ಲದರಲ್ಲೂ ಕೈಗುಣ ಇರುತ್ತದಂತೆ. ಆದರೆ ಅದು ಕಾಣಬೇಕಾದರೆ ಮೇಲಿನದನ್ನು ತೆಗೆಯಬೇಕು. ಮೇಲಿನದನ್ನು ತೆಗೆದಾಗ ಕೆಳಗಿನದು ಸಡಿಲವಾಗುತ್ತದೆ. ಸಡಿಲವಾದದ್ದರಲ್ಲಿ ಕೈಗುಣ ಉಳಿಯುವುದಿಲ್ಲ. ಆಗ ಇನ್ನೂ ಕೆಳಗಿನದನ್ನು ನೋಡಬೇಕು. ತಂತಿಯ ಮೇಲಿನ ಬಟ್ಟೆಯನ್ನು ನೋಡಿದ ಸುಂಕದವರು ಇದು ಇನ್ಯಾವುದೋ ದ್ವೀಪದ್ದು ಎಂದರು. ಬಣ್ಣವನ್ನು ಬ್ಲೇಡಿನಿಂದ ಕೆರೆದರೆ ಕಪ್ಪೆಯ ಬಣ್ಣದ ಕೆಳಗೆ ಬೂದು, ಬೂದಿನ ಕೆಳಗೆ ಕೆಂಪು. ಒಂದೊಂದಕ್ಕೆ ಒಂದೊಂದು ದೇಶ. ದಿನ ಕಳೆದಂತೆ ಕಾರು ಭೂಪಟದ ಹಾಗೆ ಅಂಗಳದಲ್ಲಿ ಹರಡಿಕೊಂಡಿತು. ಇಂಗ್ಲೆಂಡು ಗುಲಾಬಿ ಗಿಡದ ಪಕ್ಕ, ದ್ವೀಪ ನಲ್ಲಿಯ ಹತ್ತಿರ. ಹೆಂಡತಿ ಬಟ್ಟೆ ಒಣಗಿಸಲು ಹೋಗಬೇಕಾದರೆ ಸಮುದ್ರ ದಾಟಬೇಕಾಗಿತ್ತು.

ಮಂಗಳವಾರಗಳೂ ದಾಟಿದವು. ಒಂದು ಮಂಗಳವಾರ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗೋಣವೆಂದು ಬೀದಿಯ ಗಂಡಸರು ಹೊರಟು, ತಿರುವಿನವರೆಗೆ ಹೋಗಿ, ಸೊಂಟ ಹಿಡಿದುಕೊಂಡು ವಾಪಸಾದರು. ಆಸ್ಪತ್ರೆಯಿಂದ ಮನೆಗೆ ಬಂದು ಪಟ್ಟಿ ಕಟ್ಟುವ ಏರ್ಪಾಡು ಇದೆಯಾ ಎಂದು ಹೆಂಡತಿ ಫೋನಿನಲ್ಲಿ ಕೇಳಿದಳು. ಇದೆ, ಆದರೆ ವಾಹನ ಇಲ್ಲದವರಿಗೆ ಮಾತ್ರ. ನಿಮ್ಮದು ಎಂದು ಒಂದು ಕಾರು ದಾಖಲೆಯಲ್ಲಿದೆಯಲ್ಲ ಎಂದರು. ಕಾರು ಬಿಚ್ಚಿದೆ ಎಂದಳು. ರಿಪೇರಿ ಆದ ಮೇಲೆ ಬನ್ನಿ ಎಂದರು. ಇಂಥ ಉತ್ತರ ಕೊಡುವುದಕ್ಕೆ ಜನರನ್ನು ಎಷ್ಟು ವರ್ಷ ಓದಿಸುತ್ತಾರೋ ಏನೋ.

ಕೋಣೆಯಲ್ಲಿ ಒಂಥರ ವಾಸನೆ ಶುರುವಾಗಿತ್ತು. ಅತ್ತೆ ಕಿಟಕಿ ತೆರೆದಿಡಿ ಎನ್ನುತ್ತಿದ್ದರು. ತಮ್ಮ ಕಾಲಿನ ವಾಸನೆ ಎಂದು ಹೇಳುತ್ತಿರಲಿಲ್ಲ, ಚರಂಡಿ ಕಟ್ಟಿಕೊಂಡಿರಬೇಕು ಎನ್ನುತ್ತಿದ್ದರು.

ಅವತ್ತು ಲಂಡನ್ ಹೆದರಿದ. ಹೆದರಿ, ಗುಜರಿಯಣ್ಣನ ಹತ್ತಿರ ಹೋಗಿ, ಇಂಗ್ಲೆಂಡೂ ಬೇಡ ಏನೂ ಬೇಡ, ಎಲ್ಲವನ್ನೂ ಮೊದಲಿನ ಹಾಗೆ ಜೋಡಿಸಿಬಿಡು ಎಂದ. ಗುಜರಿಯಣ್ಣ ಅವನ ಮುಖವನ್ನೇ ನೋಡಿದ. ಮನೆ ಕೆಡವುವವನಿಗೆ ಮನೆ ಕಟ್ಟಿಕೊಡು ಎಂದ ಹಾಗಿತ್ತು.

“ಬಿಚ್ಚೋದು ನನ್ನ ಕಸುಬು ಅಣ್ಣ,” ಎಂದ. “ಜೋಡ್ಸೋದು ಹುಟ್ಟಿದ ಮೇಲೆ ಒಂದ್ಸಲಾನೂ ಮಾಡಿಲ್ಲ. ನಮ್ಮಲ್ಲಿ ಅದು ಅಪಶಕುನ.”

ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಲಂಡನ್ ಕೇಳಿದ. ನೀವು ಕೇಳಲಿಲ್ಲ ಎಂದ ಅವನು. ಅದೂ ನಿಜವೇ. ಲಂಡನ್ ಮತ್ತೆ ಗ್ಯಾರೇಜುಗಳ ಬಾಗಿಲು ತಟ್ಟಿದ. ಹೊಸ ಕಾರಿನ ಕಂಪ್ಯೂಟರು ಓದುವುದಕ್ಕೆ ಬರುತ್ತೆ ಎಂದರು. ಒಬ್ಬರು ಅಂಗಳದವರೆಗೂ ಬಂದು ನೋಡಿ, ಟೋಪಿ ತೆಗೆದು, ಎದೆಗೆ ಹಿಡಿದುಕೊಂಡು ಹೋದರು.

ಇದರ ಮೇಲೆ ನಗರಸಭೆಯ ಇನ್ಸ್‌ಪೆಕ್ಟರು ಬಂದರು. ಚಕ್ರಗಳೂ ಎಂಜಿನ್ನೂ ಗೇಟು ದಾಟಿ ಕಾಲುದಾರಿಗೆ ಬಂದಿವೆ ಎಂದು ಯಾರೋ ದೂರು ಕೊಟ್ಟಿದ್ದರು. ಇದು ಕಸವೋ ಸಾಮಾನೋ ಒಂದು ತೀರ್ಮಾನ ಹೇಳಿ ಎಂದರು ಅವರು. ಕಸವಾದರೆ ನಾಳೆ ಲಾರಿ ಬಂದು ಒಯ್ಯುತ್ತೆ, ಸಾಮಾನಾದರೆ ಪೆಟ್ಟಿಗೆಯಲ್ಲಿರಬೇಕು. ಇದು ಕಾರು ಎಂದು ಲಂಡನ್ ಹೇಳಿದ. ಅವರು ಸುತ್ತ ನೋಡಿ, ಎಲ್ಲಿ ಎಂದರು.

ಪೆಟ್ಟಿಗೆ ಮಾಡಿಸಿದ್ದು ಸುಂಕದವರು. ಮರದ ಪೆಟ್ಟಿಗೆಗಳು, ದಪ್ಪ ಹಲಗೆ, ಮೂಲೆಗೆ ತಗಡು, ಹಡಗಿನಲ್ಲಿ ಬರುತ್ತಿದ್ದಂಥವೇ. ಅವರಿಗೆ ಇಪ್ಪತ್ತು ವರ್ಷ ವಯಸ್ಸು ಇಳಿದಿತ್ತು. ಯಾವುದರ ಪಕ್ಕ ಯಾವುದು, ಭಾರವಾದದ್ದು ಕೆಳಗೆ, ಗಾಜು ಹುಲ್ಲಿನ ಮಧ್ಯೆ ನಿಂತ ಭಂಗಿಯಲ್ಲಿ, ಒಂದೊಂದನ್ನೂ ಎಣ್ಣೆ ಕಾಗದದಲ್ಲಿ ಸುತ್ತಿ, ತಾವೇ ನಿಂತು ಇಡಿಸಿದರು. ಅತ್ತೆಯ ಸೀಟನ್ನೂ ಕಾಲುಚೀಲವನ್ನು ಒಳಗಿಟ್ಟೇ ಹೊಲಿಸಿ ಸುತ್ತಿದರು. ಅಂಗಳ ಖಾಲಿಯಾಯಿತು. ಹೆಂಡತಿ ಬಟ್ಟೆ ಒಣಹಾಕಿ ಬಂದಳು.

ಡಾಕ್ಟರು ಬಂದದ್ದು ಆಗ. ಕೊನೆಯ ತೀರ್ಪು ಕೊಡಲು, ಸಂಘದ ಹಿರಿಯರನ್ನೂ ಕಟ್ಟಿಕೊಂಡು ಬಂದಿದ್ದರು. ಲಂಡನ್‌ಗೆ ಜಗಳಾಡುವ ಚೈತನ್ಯವೂ ಇರಲಿಲ್ಲ. ನೀವು ಹೇಳಿದ್ದೇ ಸರಿ, ಇದು ಇಂಗ್ಲೆಂಡಿನಲ್ಲಿ ಜೋಡಿಸಿದ್ದಲ್ಲ, ಎಲ್ಲೂ ಜೋಡಿಸಿದ್ದಲ್ಲ, ನಾನು ಮನೆಅಳಿಯನೇ, ಯಾರಾದರೂ ಜೋಡಿಸುವವರಿದ್ದರೆ ಕಳಿಸಿಕೊಡಿ ಎಂದು ಕೈ ಮುಗಿದ. ಡಾಕ್ಟರಿಗೆ ಅದು ಕೇಳಿಸಲಿಲ್ಲ. ಅವರು ಪೆಟ್ಟಿಗೆಗಳ ಮುಂದೆ ನಿಂತಿದ್ದರು. ಒಂದರ ಮುಚ್ಚಳ ಎತ್ತಿದರು. ಎಣ್ಣೆ ಕಾಗದ ಸರಿಸಿದರು. ಮುಚ್ಚಿದರು. ಇನ್ನೊಂದು ಎತ್ತಿದರು. ಕಿರು ಕನ್ನಡಿಯನ್ನು ಜೇಬಿಗಿಟ್ಟರು. ಹಿರಿಯರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಬಿಡಿಬಿಡಿಯಾಗಿ ಬಂದ ಕಾರುಗಳನ್ನ ಎಲ್ಲರೂ ಜೋಡಿಸಿ ಹಾಳು ಮಾಡಿದ್ರು,” ಎಂದರು ಡಾಕ್ಟರು ಪಿಸುದನಿಯಲ್ಲಿ. “ಹಡಗಿಳಿದ ಸ್ಥಿತೀಲೇ ಉಳಿದಿರೋದು ನಾನು ಕಂಡ ಹಾಗೆ ಇದೊಂದೇ. ಇದು ಈ ಊರಿನ ಭಾಗ್ಯ ಕಣ್ರೀ.”

ಇದು ಉಳಿದದ್ದಲ್ಲ, ಮೊನ್ನೆ ಬಿಚ್ಚಿದ್ದು, ನೀವೇ ಬಿಚ್ಚಿಸಿದ್ದು ಎಂದು ಲಂಡನ್ ಹೇಳಿದ. ಎರಡು ಸಲ ಹೇಳಿದ. ವಿನಯ ಎಂದರು ಹಿರಿಯರು, ಭಾನುವಾರದ ಪ್ರದರ್ಶನದಲ್ಲಿ ಸಂಘದ ಪ್ರಶಸ್ತಿ ಇದಕ್ಕೇ ಎಂದು ಅಲ್ಲೇ ಸಾರಿದರು. ಪ್ರಶಸ್ತಿಯ ಸಮಾಚಾರ ಬೀದಿಗೆ ಮುಟ್ಟುವ ಹೊತ್ತಿಗೆ ಹಾಲಿನವನು ಅವನನ್ನು ಲಂಡನ್ ಸಾಹೇಬ್ರೇ ಎಂದು ಕರೆಯತೊಡಗಿದ್ದ. ನಾಚಿಕೆಗೇಡಿನ ಮಾತು, ಆದರೆ ಬರೆಯಲೇಬೇಕು: ಅದನ್ನು ಕೇಳಿ ಅವನಿಗೆ ಒಂದು ದಿನದ ಮಟ್ಟಿಗೆ ಸುಖವಾಯಿತು. ಅಂಗಡಿಯ ಮಾಲೀಕರು ಕುರ್ಚಿ ಕೊಟ್ಟು ಕೂರಿಸಿದರು. ಪ್ರಶಸ್ತಿ ತೆಗೆದುಕೊಂಡರೆ ನಾಲ್ಕು ಜನರ ಪರಿಚಯವಾಗುತ್ತೆ, ಅವರಲ್ಲಿ ಯಾರಾದರೂ ಜೋಡಿಸುವವರು ಸಿಗುತ್ತಾರೆ ಎಂದು ಹೆಂಡತಿಗೆ ಹೇಳಿದ. ತನಗೂ ಹೇಳಿಕೊಂಡ.

ಭಾನುವಾರ ಮೈದಾನಕ್ಕೆ ಪೆಟ್ಟಿಗೆಗಳು ಹೋದದ್ದು ಗುಜರಿಯಣ್ಣನ ತಳ್ಳುಗಾಡಿಯಲ್ಲಿ. ಅತ್ತೆಯನ್ನು ಒಬ್ಬರನ್ನೇ ಮನೆಯಲ್ಲಿ ಬಿಡಲು ಹೆಂಡತಿ ಒಪ್ಪಲಿಲ್ಲ, ಹಾಗಾಗಿ ಅವರನ್ನೂ ಎಂಜಿನ್ನಿದ್ದ ಪೆಟ್ಟಿಗೆಯ ಮೇಲೆ ಹಾಸಿಗೆ ಹಾಕಿ ಕೂರಿಸಿದರು. ಗಾಡಿ ಕುಲುಕಿದಾಗಲೆಲ್ಲ ಅವರ ತುಟಿ ಬಿಳಿಚುತ್ತಿತ್ತು. ನೋಡಿದವರು ಮೆರವಣಿಗೆ ಎಂದುಕೊಂಡು ಕೈ ಬೀಸಿದರು. ಅತ್ತೆ ಮರ್ಯಾದಸ್ಥರು, ಅವರೂ ಬೀಸಿದರು. ಆಸ್ಪತ್ರೆ ಊರಾಚೆಯ ಏರಿನ ಮೇಲಿತ್ತು. ಈ ಗಾಡಿಯಲ್ಲಿ ಅಲ್ಲಿಗೆ ಹೋಗುವ ಮಾತೇ ಇಲ್ಲ ಎಂದು ಗುಜರಿಯಣ್ಣ ಮೊದಲೇ ಹೇಳಿಬಿಟ್ಟಿದ್ದ, ಸಮತಟ್ಟಿನಲ್ಲೇ ಅವನ ಉಸಿರು ಹೋಗುತ್ತಿತ್ತು.

ವೇದಿಕೆಯ ಮೇಲೆ ಡಾಕ್ಟರು ಬಹಳ ಹೊತ್ತು ಮಾತಾಡಿದರು. ಕಾರನ್ನು ಓಡಿಸುವುದು ಸುಲಭ, ಓಡಿಸದೆ ಉಳಿಸುವುದು ತಪಸ್ಸು ಎಂದರು. ಲಂಡನ್‌ಗೆ ಹಿಡಿಯಿದ್ದ ದೊಡ್ಡ ಬೆಳ್ಳಿ ಬಣ್ಣದ ಟ್ರೋಫಿ ಕೊಟ್ಟರು. ಚಪ್ಪಾಳೆ ಬಿತ್ತು. ಅವನು ಜನರ ಮುಖಗಳಲ್ಲಿ ಜೋಡಿಸುವವನ ಮುಖ ಹುಡುಕುತ್ತಿದ್ದ. ಆಗ ಡಾಕ್ಟರು ಪ್ರಶಸ್ತಿಯ ನಿಬಂಧನೆ ಓದಿದರು: ಈ ಪೆಟ್ಟಿಗೆಗಳನ್ನು ಇನ್ನು ಮುಂದೆ ತೆರೆಯುವಂತಿಲ್ಲ, ಒಂದು ಸ್ಕ್ರೂವನ್ನೂ ಬಿಗಿಯುವಂತಿಲ್ಲ, ಸಂಘದ ಸಭಾಂಗಣದಲ್ಲಿ ಗಾಜಿನ ಗೋಡೆಯ ಹಿಂದೆ ಇಡಲಾಗುವುದು, ಕುಟುಂಬದವರು ಉದಾರ ಮನಸ್ಸಿನಿಂದ ಒಪ್ಪಿದ್ದಾರೆ. ಕುಟುಂಬದವರು ಯಾವಾಗ ಒಪ್ಪಿದರು ಎಂದು ಲಂಡನ್ ಯೋಚಿಸಿದ. ಎಲ್ಲದಕ್ಕೂ ಹೂಂ, ಹೂಂ ಎಂದು ಹಾರ ಹಾಕಿಸಿಕೊಂಡಿದ್ದು ನೆನಪಾಯಿತು. ಕೆಳಗೆ ಸುಂಕದವರು ಆಗಲೇ ಅರಗು ಕರಗಿಸಿ ಒಂದೊಂದೇ ಪೆಟ್ಟಿಗೆಗೆ ಮುದ್ರೆ ಒತ್ತುತ್ತಾ ಬರುತ್ತಿದ್ದರು. ಅವರ ಮುಖದಲ್ಲಿ ಅಂಥ ಶಾಂತಿಯನ್ನು ಯಾರೂ ಕಂಡಿರಲಿಲ್ಲ. ಎಂಜಿನ್ನಿನ ಪೆಟ್ಟಿಗೆಯ ಹತ್ತಿರ ಬಂದು, ಸ್ವಲ್ಪ ಕಾಲು ಎತ್ತಿಕೊಳ್ಳಿ ಎಂದು ಅತ್ತೆಗೆ ಹೇಳಿದರು.

ಅತ್ತೆಗೆ ಎತ್ತಿಕೊಳ್ಳಲಾಗಲಿಲ್ಲ.

ಹೆಂಡತಿ ಬಂದು ಎರಡು ಕೈಯಲ್ಲಿ ಆ ಕಾಲನ್ನು ಹಿಡಿದೆತ್ತಿದಳು. ಸುಂಕದವರು ಮುದ್ರೆ ಒತ್ತಿದರು. ಅವಳು ಕಾಲನ್ನು ಹಾಗೇ ಹಿಡಿದುಕೊಂಡು ವೇದಿಕೆಯ ಕಡೆ ತಿರುಗಿದಳು. ದನಿ ಏರಿಸಲಿಲ್ಲ. ಆದರೆ ಚಪ್ಪಾಳೆ ನಿಂತಿದ್ದರಿಂದ ಎಲ್ಲರಿಗೂ ಕೇಳಿಸಿತು.

“ರೀ, ನಾಡಿದ್ದು ಮಂಗಳವಾರ. ಅಮ್ಮನ್ನ ಯಾವುದ್ರಲ್ಲಿ ಕರ್ಕೊಂಡು ಹೋಗ್ಲಿ?”

ಎಲ್ಲರೂ ಲಂಡನ್ ಕಡೆ ನೋಡಿದರು. ಡಾಕ್ಟರು, ವಿಜೇತರು ಎರಡು ಮಾತಾಡಲಿ ಎಂದು ಮೈಕನ್ನು ಅವನ ಮುಂದೆ ಸರಿಸಿದರು. ಅವನು ಟ್ರೋಫಿಯನ್ನು ಬಲಗೈಯಿಂದ ಎಡಗೈಗೆ ಬದಲಿಸಿದ. ಆಮೇಲೆ ವೇದಿಕೆಯ ಮೆಟ್ಟಿಲಿಳಿದು, ಮುದ್ರೆ ಬಿದ್ದ ಪೆಟ್ಟಿಗೆಗಳ ಪಕ್ಕದಲ್ಲಿ, ತಳ್ಳುಗಾಡಿಯ ಪಕ್ಕದಲ್ಲಿ, ಹೆಂಡತಿಯ ಎತ್ತಿದ ಕೈಗಳ ಪಕ್ಕದಲ್ಲಿ ಹಾದು, ಮೈದಾನದ ಗೇಟಿನತ್ತ ನಡೆದ. ಅತ್ತೆ, ಬಿಸಿಲಿದೆ ಅಳಿಯಂದ್ರೇ ಎಂದರು. ಅವನು ತಿರುಗಿ ನೋಡಲಿಲ್ಲ.